ರೂಮಿನ ಅಡುಗೆ: ಓದಲು ಹೋದ ಮಕ್ಕಳು ಏನು ಬೇಯಿಸಿಕೊಂಡು ಉಣ್ಣಬೇಕು?

ಪ್ರತಿವರ್ಷ ಕಾಲೇಜುಗಳು ಆರಂಭವಾಗಿ ಎರಡು ಮೂರು ತಿಂಗಳು ಕಳೆಯುವ ಹೊತ್ತಿಗೆ ಧಾರವಾಡದಂತಹ ಊರಿನ ದವಾಖಾನೆಗಳಿಗೆ ಒಂದೇ ಬಗೆಯ ತಕರಾರು ಹೇಳಿಕೊಂಡು ಬರುವ ವಿದ್ಯಾರ್ಥಿಗಳು ಹೆಚ್ಚುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಕ್ಲಾಸಿನಲ್ಲಿ ತೂಕಡಿಕೆ, ತಲೆ ಬಾಚಿದರೆ ಕೈತುಂಬ ಕೂದಲು, ಎದೆಯುರಿ, ಹುಳಿತೇಗು, ಮಲಬದ್ಧತೆ. ‘ಏನಾದರೂ ಶಕ್ತಿಯ ಟಾನಿಕ್ ಬರೆದುಕೊಡ್ರಿ ಡಾಕ್ಟ್ರ’ ಎಂಬುದು ಅವರ ಬೇಡಿಕೆ. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದೆ ಎಂದು ಕೇಳಿದರೆ ಕಾಯಿಲೆಯ ಅರ್ಧ ಪತ್ತೆ ಅಲ್ಲಿಯೇ ಆಗಿಬಿಡುತ್ತದೆ. ಬೆಳಿಗ್ಗೆ ಚಹಾ ಮತ್ತು ಬಿಸ್ಕಿಟ್. ಮಧ್ಯಾಹ್ನ ಒಂದು ಪ್ಲೇಟು ಅನ್ನ, ತಿಳಿಸಾರು. ಸಂಜೆ ಗಿರ್ಮಿಟ್, ಮಿರ್ಚಿ ಭಜಿ, ಮತ್ತೆ ಚಹಾ. ರಾತ್ರಿ ಓದುವುದಿದೆ ಎಂದು ಪೊಟ್ಟಣದ ನೂಡಲ್ಸ್. ಇದರಲ್ಲಿ ಬೇಳೆ ಎಲ್ಲಿದೆ, ಕಾಯಿಪಲ್ಯ ಎಲ್ಲಿದೆ, ಹಾಲು ಮೊಸರು ಎಲ್ಲಿದೆ? ಟಾನಿಕ್ ಬಾಟಲಿಯಿಂದ ತುಂಬುವ ಕೊರತೆ ಇದಲ್ಲ.

ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹಲವಾರು ಕಾಲೇಜುಗಳು, ಸಪ್ತಾಪುರದ ತರಬೇತಿ ಕೇಂದ್ರಗಳು – ಇವುಗಳಿಗಾಗಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ಇಲ್ಲಿಗೆ ಬರುವ ಮಕ್ಕಳೆಲ್ಲರಿಗೂ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗುವುದಿಲ್ಲ. ಇಬ್ಬರು ಮೂವರು ಕೂಡಿ ರೂಮು ಹಿಡಿಯುತ್ತಾರೆ. ಕೆಲವು ದಿನ ಖಾನಾವಳಿ, ಆಮೇಲೆ ಕೈಖರ್ಚು ಸಾಲದೆ ಒಂದು ಒಲೆ, ಒಂದು ಕುಕ್ಕರ್ ತಂದು ಸ್ವಂತ ಅಡುಗೆ. ಮೈಸೂರು, ಕಲಬುರಗಿ, ಬೆಂಗಳೂರಿನಲ್ಲಿ ಓದುವವರ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ರೂಮಿನ ಅಡುಗೆ ಎಂದರೆ ಪಾಲಕರಿಗೆ ಚಿಂತೆ. ನನ್ನ ಮಟ್ಟಿಗೆ ಅದು ಒಳ್ಳೆಯ ಸುದ್ದಿ. ನಾಲ್ಕೈದು ಪದಾರ್ಥ ಮಾಡಲು ಬಂದರೂ ಸಾಕು, ಹೊರಗಿನ ಊಟಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಪೌಷ್ಟಿಕವಾಗಿ ಉಣ್ಣಬಹುದು. ತೊಂದರೆ ಇರುವುದು ಆ ನಾಲ್ಕೈದನ್ನು ಯಾರೂ ಕಲಿಸಿಕೊಡದೆ ಇರುವುದರಲ್ಲಿ. ಮಗಳಿಗೆ ಅಷ್ಟೋ ಇಷ್ಟೋ ಕಲಿಸಿರುತ್ತೇವೆ. ಮಗನಿಗೆ ಮಾತ್ರ ಅನ್ನಕ್ಕೆ ನೀರೆಷ್ಟು ಎಂಬುದೂ ಗೊತ್ತಿರುವುದಿಲ್ಲ. ಒಲೆಯ ಮುಂದೆ ನಿಂತು ಅವ್ವನಿಗೆ ಫೋನು ಮಾಡುತ್ತಾನೆ. ಹತ್ತು ಹನ್ನೆರಡು ವರ್ಷ ಶಾಲೆಗೆ ಕಳಿಸಿದ ಮನೆಯವರು ನಾಲ್ಕು ಭಾನುವಾರ ಅಡುಗೆಮನೆಗೂ ಕಳಿಸಿದ್ದರೆ ಈ ಫಜೀತಿ ಇರುತ್ತಿರಲಿಲ್ಲ.

ಹಾಗೆಂದು ಅಡುಗೆ ಬಲ್ಲ ಹುಡುಗಿಯರ ಆರೋಗ್ಯ ಚೆನ್ನಾಗಿದೆ ಎಂದೇನೂ ಇಲ್ಲ. ಅವರ ತೊಂದರೆಯನ್ನೇ ಮೊದಲು ನೋಡೋಣ.

ರಕ್ತ ಕಡಿಮೆಯಾಗುವುದೇಕೆ?

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಶೇ 48. ಅಂದರೆ ಹುಡುಗಿಯರ ರೂಮಿನಲ್ಲಿ ಇಬ್ಬರಿದ್ದರೆ ಒಬ್ಬಳಿಗೆ ರಕ್ತ ಕಡಿಮೆ ಇರುವ ಸಂಭವವಿದೆ. ಹಿಮೊಗ್ಲೋಬಿನ್ ಪ್ರಮಾಣ ಗರ್ಭಿಣಿಯಲ್ಲದ ಹೆಣ್ಣುಮಕ್ಕಳಲ್ಲಿ 12 ಗ್ರಾಂ, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತೇವೆ. ಪ್ರತಿ ತಿಂಗಳ ಮುಟ್ಟಿನಲ್ಲಿ ರಕ್ತದ ಜೊತೆಗೆ ಕಬ್ಬಿಣಾಂಶವೂ ಹೋಗುತ್ತದೆ. ಅದಕ್ಕಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿಪಡಿಸಿದಂತೆ ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ, ಹೆಣ್ಣುಮಕ್ಕಳಿಗೆ 29 ಮಿಲಿಗ್ರಾಂ ಬೇಕು. ಗಂಡಸಿಗಿಂತ ಕಡಿಮೆ ಉಣ್ಣುವವಳಿಗೆ ಗಂಡಸಿಗಿಂತ ಹೆಚ್ಚು ಕಬ್ಬಿಣ! ತೂಕ ಇಳಿಸಬೇಕೆಂದು ರಾತ್ರಿಯ ಊಟ ಬಿಡುವ ಹುಡುಗಿಯರು ಇದನ್ನು ಗಮನಿಸಬೇಕು.

ಇನ್ನೊಂದು ಮಾತು. ಸೊಪ್ಪು, ಬೇಳೆ, ಜೋಳ, ಸಜ್ಜೆಗಳಲ್ಲಿರುವ ಕಬ್ಬಿಣಾಂಶ ಹೊಟ್ಟೆಗೆ ಹೋದರೂ ಅದರಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಅದೇ ಊಟದಲ್ಲಿ ‘ಸಿ’ ಜೀವಸತ್ವ ಇದ್ದರೆ ಹೀರಿಕೆ ಹೆಚ್ಚುತ್ತದೆ. ಚಹಾ ಅಥವಾ ಕಾಫಿ ಇದ್ದರೆ ಕುಗ್ಗುತ್ತದೆ. ಆದ್ದರಿಂದ ರೂಮಿನ ಅಡುಗೆಗೆ ನಾನು ಹೇಳುವ ಮೊದಲ ಔಷಧ ಅರ್ಧ ಲಿಂಬೆಹಣ್ಣು. ಬಿಸಿಗೆ ‘ಸಿ’ ಜೀವಸತ್ವ ನಾಶವಾಗುವುದರಿಂದ ಪಲ್ಯವನ್ನೋ ಬೇಳೆಯನ್ನೋ ಒಲೆಯಿಂದ ಇಳಿಸಿ, ತಾಟಿಗೆ ಬಡಿಸಿಕೊಂಡ ಮೇಲೆ ಹಿಂಡಿಕೊಳ್ಳಬೇಕು. ಲಿಂಬೆ ತುಟ್ಟಿಯಾದ ಬೇಸಿಗೆಯಲ್ಲಿ ಒಂದು ಪೇರಲ ಹಣ್ಣೋ, ಹಸಿ ಟೊಮೆಟೊ ಕೋಸಂಬರಿಯೋ ಆದೀತು. ಊಟಕ್ಕೆ ಒಂದು ತಾಸು ಹಿಂದೆ ಮುಂದೆ ಚಹಾ ಬೇಡ. ಚಹಾ ಬಿಡಿ ಎಂದು ನಾನು ಹೇಳುತ್ತಿಲ್ಲ, ಧಾರವಾಡದಲ್ಲಿ ಹಾಗೆ ಹೇಳಿದ ಡಾಕ್ಟರರ ಮಾತನ್ನು ಯಾರೂ ಕೇಳುವುದಿಲ್ಲ. ಹೊತ್ತು ಬದಲಿಸಿದರೆ ಸಾಕು.

ಎದೆಯುರಿಗೆ ಅಂಗಡಿಯಿಂದ ತಾವೇ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವ ಹುಡುಗರಿಗೂ ಒಂದು ಎಚ್ಚರಿಕೆ. ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಈ ಗುಳಿಗೆಗಳನ್ನು ದೀರ್ಘಕಾಲ ತೆಗೆದುಕೊಂಡರೆ ಕಬ್ಬಿಣಾಂಶ ಮತ್ತು ಬಿ12 ಜೀವಸತ್ವದ ಹೀರಿಕೆ ಕಡಿಮೆಯಾಗುತ್ತದೆ. ಅನೇಕರ ಎದೆಯುರಿಗೆ ಕಾರಣ ಬರಿಹೊಟ್ಟೆಯ ಚಹಾ, ಹೊತ್ತುಗೆಟ್ಟ ಊಟ ಮತ್ತು ಕರಿದ ತಿಂಡಿ. ಕಾರಣ ಹಾಗೆಯೇ ಇರುವಾಗ ಗುಳಿಗೆ ಎಷ್ಟು ದಿನ ಕಾಯ್ದೀತು?

ಮೊದಲ ಪಾಠ: ಕಿಚಡಿ

ಅಡುಗೆಯ ಗಂಧಗಾಳಿ ಇಲ್ಲದವರು ಕಿಚಡಿಯಿಂದ ಆರಂಭಿಸಲಿ. ಮೈಸೂರು ಕಡೆಯವರು ಇದನ್ನು ಹುಗ್ಗಿ ಎನ್ನುತ್ತಾರೆ. (ನಮ್ಮ ಕಡೆ ಹುಗ್ಗಿ ಎಂದರೆ ಗೋಧಿ ಬೆಲ್ಲದ ಸಿಹಿ, ಕೂಡಿ ರೂಮು ಮಾಡಿದ ಹುಡುಗರು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.) ಇದನ್ನೇ ಆರಿಸಲು ಕಾರಣವಿದೆ. ಹೆಸರುಬೇಳೆಯನ್ನು ನೆನೆಹಾಕಬೇಕಿಲ್ಲ, ಅಕ್ಕಿಯ ಜೊತೆಗೇ ಬೇಯುತ್ತದೆ, ಹೊಟ್ಟೆಗೆ ಹಗುರ. ಒಂದೇ ಪಾತ್ರೆ ತೊಳೆದರಾಯಿತು. ಪೌಷ್ಟಿಕತೆಯ ದೃಷ್ಟಿಯಿಂದಲೂ ಅದು ಪೂರ್ಣ ಊಟಕ್ಕೆ ಹತ್ತಿರ. ಅಕ್ಕಿಯ ಸಸಾರಜನಕದಲ್ಲಿ ಒಂದು ಅಂಶ ಕಡಿಮೆ, ಬೇಳೆಯ ಸಸಾರಜನಕದಲ್ಲಿ ಇನ್ನೊಂದು ಕಡಿಮೆ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತದೆ. ನಮ್ಮ ಹಿರಿಯರು ರೊಟ್ಟಿಗೆ ಕಾಳುಪಲ್ಯ, ಅನ್ನಕ್ಕೆ ಬೇಳೆ ಎಂದು ಜೋಡಿ ಮಾಡಿದ್ದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲಾದರೂ ಬೇಳೆ ಇರಬೇಕು. ರೂಮಿನಲ್ಲಿ ಬೇರೇನೂ ಇರುವುದಿಲ್ಲವಾದ್ದರಿಂದ ಎರಡಕ್ಕೆ ಒಂದು ಹಾಕಿಕೊಳ್ಳಿ.

ಇಬ್ಬರಿಗೆ ಒಂದು ಹೊತ್ತಿಗೆ ಲೆಕ್ಕ ಹೀಗಿದೆ. ಒಂದು ಸಣ್ಣ ಬಟ್ಟಲು ಅಕ್ಕಿ, ಅದೇ ಬಟ್ಟಲಿನಲ್ಲಿ ಅರ್ಧ ಹೆಸರುಬೇಳೆ. ಎರಡನ್ನೂ ಕೂಡಿಸಿ ಎರಡು ಸಲ ತೊಳೆಯಿರಿ. ಹತ್ತು ಸಲ ತಿಕ್ಕಿ ತೊಳೆದರೆ ಅಕ್ಕಿಯಲ್ಲಿರುವ ಬಿ ಗುಂಪಿನ ಜೀವಸತ್ವಗಳು ನೀರಿನೊಡನೆ ಹೋಗುತ್ತವೆ. ಮೂರು ಲೀಟರಿನ ಕುಕ್ಕರನ್ನು ಒಲೆಯ ಮೇಲಿಟ್ಟು ಎರಡು ಚಹಾ ಚಮಚ ಎಣ್ಣೆ ಹಾಕಿ. ಎಣ್ಣೆ ಕಾದ ಮೇಲೆ ಸಾಸಿವೆ, ಅದು ಸಿಡಿದ ಮೇಲೆ ಜೀರಿಗೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ. ಸಾಸಿವೆ ಸಿಡಿಯುವ ಮೊದಲೇ ಎಲ್ಲವನ್ನೂ ಸುರಿಯುವುದು ಹೊಸಬರ ಅವಸರ. ಹಸಿ ಸಾಸಿವೆ ಕಹಿಯಾಗುತ್ತದೆ. ಹೊಗೆ ಏಳುವಷ್ಟು ಎಣ್ಣೆ ಕಾಯಿಸುವುದೂ ಬೇಡ. ಹೆಚ್ಚಿದ ಒಂದು ಉಳ್ಳಾಗಡ್ಡಿ ಹಾಕಿ ಮೆತ್ತಗಾಗುವವರೆಗೆ ಹುರಿದು, ಒಂದು ಟೊಮೆಟೊ, ಚಿಟಿಕೆ ಅರಿಷಿಣ, ಒಂದು ಸಣ್ಣ ಹಿಡಿ ಶೇಂಗಾ ಸೇರಿಸಿ. ಈಗ ಮುಖ್ಯವಾದದ್ದು: ಎರಡು ಹಿಡಿ ಸೊಪ್ಪು. ಮೆಂತ್ಯ, ಪಾಲಕ, ರಾಜಗಿರಿ, ನುಗ್ಗೆ ಯಾವುದಾದರೂ ಸರಿ, ಪ್ಯಾಟಿಯಲ್ಲಿ ಆ ದಿನ ಅಗ್ಗವಾಗಿದ್ದದ್ದು. ಮೊದಲು ತೊಳೆದು ಆಮೇಲೆ ಹೆಚ್ಚಬೇಕು, ಹೆಚ್ಚಿದ ಮೇಲೆ ತೊಳೆಯಬಾರದು. ತೊಳೆದ ಅಕ್ಕಿ ಬೇಳೆ, ಮುಕ್ಕಾಲು ಚಹಾ ಚಮಚ ಉಪ್ಪು, ಐದು ಬಟ್ಟಲು ನೀರು ಹಾಕಿ ಮುಚ್ಚಳ ಮುಚ್ಚಿ. ಮಧ್ಯಮ ಉರಿಯಲ್ಲಿ ಮೂರು ಸೀಟಿ. ಒಲೆ ಆರಿಸಿ ಹತ್ತು ನಿಮಿಷ ಬಿಡಿ, ಒಳಗಿನ ಹಬೆಯಲ್ಲಿ ಅದು ಇನ್ನೂ ಬೇಯುತ್ತಿರುತ್ತದೆ. ತಾಟಿಗೆ ಹಾಕಿಕೊಂಡು ಲಿಂಬೆ ಹಿಂಡಿ, ಪಕ್ಕಕ್ಕೆ ಒಂದು ಬಟ್ಟಲು ಮೊಸರು. ಮೊದಲ ಸಲ ನೀರಾಯಿತು ಅಥವಾ ಗಟ್ಟಿಯಾಯಿತು ಎಂದು ಎದೆಗುಂದಬೇಕಿಲ್ಲ. ನೀರಾದರೆ ಮುಚ್ಚಳ ತೆಗೆದು ಇನ್ನೈದು ನಿಮಿಷ ಕುದಿಸಿ, ಗಟ್ಟಿಯಾದರೆ ಬಿಸಿನೀರು ಬೆರೆಸಿ. ಕಿಚಡಿ ಬಹಳ ಕ್ಷಮಾಗುಣದ ಅಡುಗೆ.

ಇದನ್ನು ಕಲಿತವನಿಗೆ ಉಳಿದವು ಅರ್ಧ ಬಂದಂತೆಯೇ. ಒಗ್ಗರಣೆ ಅದೇ, ಅಕ್ಕಿ ಬಿಟ್ಟು ತೊಗರಿಬೇಳೆ ಹಾಕಿದರೆ ಸೊಪ್ಪಿನ ಬೇಳೆ, ಕಾಯಿಪಲ್ಯ ಹಾಕಿದರೆ ಪಲ್ಯ. ರೊಟ್ಟಿ ಬಡಿಯಲು ಕೈ ಪಳಗಬೇಕು, ಅದು ಹದಿನೈದು ದಿನದಲ್ಲಿ ಬರುವಂಥದಲ್ಲ. ಆದರೆ ಈಗ ಹುಬ್ಬಳ್ಳಿ ಧಾರವಾಡದ ಓಣಿ ಓಣಿಯಲ್ಲಿ ಹೆಣ್ಣುಮಕ್ಕಳು ಬಿಸಿರೊಟ್ಟಿ, ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಎರಡು ರೊಟ್ಟಿ ತಂದುಕೊಂಡು ಝುಣಕ ಮಾಡಿಕೊಂಡರೆ ಹತ್ತು ನಿಮಿಷದ ಕೆಲಸ. ಅರ್ಧ ಬಟ್ಟಲು ಕಡಲೆಹಿಟ್ಟನ್ನು ಒಂದು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳ್ಳಾಗಡ್ಡಿಯ ಒಗ್ಗರಣೆಗೆ ಹಾಕಿ, ಉಪ್ಪು ಖಾರ ಸೇರಿಸಿ, ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ತಿರುವುತ್ತಿರಬೇಕು, ಅಷ್ಟೆ.

ಮಡಿಕೆ, ಹೆಸರುಕಾಳುಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ತೊಳೆದ ಬಟ್ಟೆಯಲ್ಲಿ ಕಟ್ಟಿಟ್ಟರೆ ರಾತ್ರಿಗೆ ಮೊಳಕೆ ಬಂದಿರುತ್ತವೆ. ಮೊಳಕೆಯೊಡೆದಾಗ ‘ಸಿ’ ಜೀವಸತ್ವ ಹೆಚ್ಚುತ್ತದೆ ಎಂಬುದು ನಿಜ. ಅದಕ್ಕಾಗಿ ಹಸಿಯಾಗಿ ತಿನ್ನಬೇಕೆಂದು ವ್ಯಾಯಾಮಶಾಲೆಯ ಗೆಳೆಯರು ಹೇಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒದ್ದೆ ಬಟ್ಟೆಯ ಬೆಚ್ಚನೆಯ ಜಾಗದಲ್ಲಿ ಕಾಳಿನ ಜೊತೆಗೆ ರೋಗಾಣುಗಳೂ ಬೆಳೆಯುತ್ತವೆ. ಒಗ್ಗರಣೆ ಹಾಕಿ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ ಹಬೆಯಲ್ಲಿ ಬೇಯಿಸಿದ ಉಸುಳಿ ರುಚಿಯಾಗಿಯೂ ಇರುತ್ತದೆ, ಹೊಟ್ಟೆಯೂ ಕೆಡುವುದಿಲ್ಲ.

ಬೆಳಗಿನ ಹೊತ್ತು

ರೂಮಿನ ಮಕ್ಕಳು ತಪ್ಪಿಸುವ ಊಟ ಇದೇ. ಎದ್ದಾಗ ಎಂಟು, ಕ್ಲಾಸು ಒಂಬತ್ತಕ್ಕೆ. ಅವರಿಗೆ ಅವಲಕ್ಕಿಯಷ್ಟು ಅನುಕೂಲದ್ದು ಇನ್ನೊಂದಿಲ್ಲ. ದಪ್ಪ ಅವಲಕ್ಕಿ ತೊಳೆದು ಬಸಿದಿಟ್ಟು, ಶೇಂಗಾ ಉಳ್ಳಾಗಡ್ಡಿಯ ಒಗ್ಗರಣೆಗೆ ಹಾಕಿ, ಇಳಿಸಿ ಲಿಂಬೆ ಹಿಂಡಿದರೆ ಆಯಿತು. ಅದೂ ಆಗದವರು ಹಿಂದಿನ ರಾತ್ರಿಯೇ ಡಬ್ಬಿಯಲ್ಲಿ ಚುರಮುರಿ, ಪುಠಾಣಿ, ಹುರಿದ ಶೇಂಗಾ ಕಲಸಿಟ್ಟುಕೊಂಡು, ಬೆಳಿಗ್ಗೆ ಅದರ ಜೊತೆ ಬಾಳೆಹಣ್ಣು ಮತ್ತು ಒಂದು ಲೋಟ ಹಾಲು ತೆಗೆದುಕೊಳ್ಳಲಿ. ದಕ್ಷಿಣದ ಜಿಲ್ಲೆಗಳ ಮಕ್ಕಳಿಗೆ ರಾಗಿ ಪರಿಚಿತ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿ ಗೋಧಿಗಳು ಅದರ ಹತ್ತಿರವೂ ಬರುವುದಿಲ್ಲ. ಎರಡು ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಕುದಿಯುವ ನೀರಿಗೆ ಸುರಿದು ತಿರುವುತ್ತ ಐದಾರು ನಿಮಿಷ ಬೇಯಿಸಿ, ಆರಿದ ಮೇಲೆ ಮಜ್ಜಿಗೆ ಉಪ್ಪು ಬೆರೆಸಿದರೆ ಅಂಬಲಿ. ತತ್ತಿ ತಿನ್ನುವವರ ಕೆಲಸ ಇನ್ನೂ ಸುಲಭ. ಎರಡು ಬೇಯಿಸಿದ ತತ್ತಿಯಿಂದ ಸುಮಾರು 12 ಗ್ರಾಂ ಸಸಾರಜನಕ ಸಿಗುತ್ತದೆ, ಬಿ12 ಕೂಡ. ಶಾಕಾಹಾರಿಗಳಿಗೆ ಬಿ12 ಸಿಗುವುದು ಹಾಲು ಮೊಸರಿನಿಂದ ಮಾತ್ರ ಎಂಬುದನ್ನು ನೆನಪಿಡಬೇಕು. ಖರ್ಚು ಉಳಿಸಲು ಶಾಕಾಹಾರಿ ಮಕ್ಕಳು ಮೊಟ್ಟಮೊದಲು ಕೈಬಿಡುವುದು ಹಾಲನ್ನೇ. ಅದನ್ನು ಬಿಟ್ಟು ಬೇರೆ ಯಾವುದರಲ್ಲಾದರೂ ಉಳಿಸಲಿ.

ಡಬ್ಬಿಯಲ್ಲಿ ಬರುವ ಸಸಾರಜನಕದ ಪುಡಿಯ ಬಗ್ಗೆ ಬಹಳ ಹುಡುಗರು ಕೇಳುತ್ತಾರೆ. ಆರೋಗ್ಯವಂತರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಸಾರಜನಕ ಸಾಕು. 55 ಕಿಲೋ ತೂಕದವರಿಗೆ ಸುಮಾರು 46 ಗ್ರಾಂ. ಲೆಕ್ಕ ಹಾಕಿ ನೋಡಿ. ದಿನಕ್ಕೆ 60 ಗ್ರಾಂ ಬೇಳೆಯಿಂದ 14, ಎರಡು ಹೊತ್ತಿನ 150 ಗ್ರಾಂ ಅಕ್ಕಿಯಿಂದ 12, ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 10, ಒಂದು ಹಿಡಿ ಶೇಂಗಾದಿಂದ 7, ಒಂದು ಲೋಟ ಹಾಲು ಮತ್ತು ಒಂದು ಬಟ್ಟಲು ಮೊಸರಿನಿಂದ 9. ಒಟ್ಟು 52 ಗ್ರಾಂ ಆಯಿತು. ಆ ಪುಡಿಯ ಒಂದು ಡಬ್ಬಿಯ ಹಣದಲ್ಲಿ ಈ ಬೇಳೆ ಶೇಂಗಾ ಎಷ್ಟು ತಿಂಗಳು ಬರುತ್ತದೆ ಎಂಬ ಲೆಕ್ಕವನ್ನು ಅವರೇ ಮಾಡಲಿ.

ನೂಡಲ್ಸ್ ಪೊಟ್ಟಣವನ್ನು ಪೂರ್ತಿ ನಿಷೇಧಿಸುವುದು ಆಗದ ಮಾತು. ಪೊಟ್ಟಣದ ಬೆನ್ನಿಗೆ ಅಚ್ಚಾದ ಸೋಡಿಯಂ ಪ್ರಮಾಣವನ್ನಾದರೂ ಓದಿ. ದಿನಕ್ಕೆ 5 ಗ್ರಾಂ ಉಪ್ಪು ಮಿತಿ. ಅದರಲ್ಲಿ ಇರುವ ಸೋಡಿಯಂ ಸುಮಾರು 2,000 ಮಿಲಿಗ್ರಾಂ. ಪೊಟ್ಟಣದ ಲೆಕ್ಕ ಅದರಲ್ಲಿ ಎಷ್ಟನೆಯ ಪಾಲು ಎಂಬುದು ತಾನೇ ತಿಳಿಯುತ್ತದೆ. ತಿನ್ನಲೇಬೇಕೆಂದರೆ ಮಸಾಲೆ ಅರ್ಧ ಹಾಕಿ, ಗಜ್ಜರಿ, ಬಟಾಣಿ, ಒಂದು ತತ್ತಿ ಸೇರಿಸಿ.

ಬಸ್ಸಿನಲ್ಲಿ ಬರುವ ಬುತ್ತಿ

ಉತ್ತರ ಕರ್ನಾಟಕದ ಪಾಲಕರ ಪ್ರೀತಿ ಬಸ್ಸಿನಲ್ಲಿ ಪ್ರಯಾಣ ಮಾಡುತ್ತದೆ. ಊರಿನ ಬಸ್ಸಿನ ಕಂಡಕ್ಟರರ ಕೈಗೆ ಬುತ್ತಿ ಗಂಟು ಕೊಟ್ಟರೆ, ನಿಲ್ದಾಣದಲ್ಲಿ ಮಗನೋ ಮಗಳೋ ಬಂದು ಇಳಿಸಿಕೊಳ್ಳುತ್ತಾರೆ. ಈ ಪದ್ಧತಿ ನನಗೆ ಬಹಳ ಮೆಚ್ಚುಗೆ. ಏನು ಕಳಿಸಬೇಕು ಎಂಬುದರಲ್ಲಿ ಮಾತ್ರ ಸ್ವಲ್ಪ ವಿವೇಚನೆ ಇರಲಿ. ಖಡಕ್ ರೊಟ್ಟಿಯಲ್ಲಿ ನೀರಿನಂಶ ಇಲ್ಲದ್ದರಿಂದ ವಾರಗಟ್ಟಲೆ ಇರುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳು ಕೆಡುವುದಿಲ್ಲ, ಸಸಾರಜನಕ ಮತ್ತು ಒಳ್ಳೆಯ ಕೊಬ್ಬು ಎರಡನ್ನೂ ಒದಗಿಸುತ್ತವೆ. ಉಪ್ಪು ಮಾತ್ರ ಕಡಿಮೆ ಇರಲಿ. ಹುರಿದ ಶೇಂಗಾ ಬೆಲ್ಲದ ಉಂಡೆ ಬಿಸ್ಕಿಟ್ಟಿಗಿಂತ ಎಷ್ಟೋ ಮೇಲು. ಬೇಳೆ, ಮಡಿಕೆಕಾಳು, ಹುರಿದ ರವೆ ಕಳಿಸಿ. ಆದರೆ ಬೇಸಿಗೆಯಲ್ಲಿ ನಾಲ್ಕು ತಾಸು ಬಸ್ಸಿನ ಇಂಜಿನ್ನಿನ ಪಕ್ಕ ಕೂತು ಬಂದ ಬದನೆಕಾಯಿ ಪಲ್ಯ ಮತ್ತು ಮೊಸರನ್ನ ಅಪಾಯಕಾರಿ. ‘ಅವ್ವ ಕಳಿಸ್ಯಾಳ, ಚೆಲ್ಲಾಕ ಮನಸ್ಸ ಬರಲಿಲ್ಲ’ ಎಂದು ತಿಂದು ವಾಂತಿಭೇದಿಯಾಗಿ ಬರುವವರಿದ್ದಾರೆ. ಚೆಲ್ಲಲು ಮನಸ್ಸು ಬಾರದಂಥದ್ದನ್ನು ಅವ್ವನೇ ಕಳಿಸದಿದ್ದರೆ ಒಳ್ಳೆಯದು.

ಉಳಿದ ಅನ್ನ

ಇದೇ ಸಂದರ್ಭದಲ್ಲಿ ಅನ್ನದ ಬಗ್ಗೆ ಹೇಳಲೇಬೇಕು. ಬಹಳಷ್ಟು ಮಂದಿಗೆ ಇದು ಗೊತ್ತಿಲ್ಲ. ಅಕ್ಕಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ, ಅವು ಕುದಿಸಿದರೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗಿನ ರೂಮಿನಲ್ಲಿ ತಾಸುಗಟ್ಟಲೆ ಉಳಿದಾಗ ಅವು ಚಿಗುರಿ, ಬೆಳೆದು, ಒಂದು ವಿಷವನ್ನು ತಯಾರಿಸುತ್ತವೆ. ಆಮೇಲೆ ಆ ಅನ್ನಕ್ಕೆ ಎಷ್ಟೇ ಚೆನ್ನಾಗಿ ಒಗ್ಗರಣೆ ಹಾಕಿ ಬಿಸಿ ಮಾಡಿದರೂ ವಿಷ ಹೋಗುವುದಿಲ್ಲ. ಉಂಡ ಕೆಲವೇ ತಾಸುಗಳಲ್ಲಿ ವಾಂತಿ ಶುರುವಾಗುತ್ತದೆ. ಅನ್ನದ ವಾಸನೆ ಕೆಟ್ಟಿರಲೇಬೇಕೆಂದಿಲ್ಲ, ಅದೇ ಅದರ ಮೋಸ. ಫ್ರಿಜ್ ಇದ್ದರೆ ಉಳಿದದ್ದನ್ನು ಅಗಲವಾದ ತಾಟಿನಲ್ಲಿ ಹರಡಿ ಆರಿಸಿ ಎರಡು ತಾಸಿನೊಳಗೆ ಒಳಗಿಡಬೇಕು, ಮರುದಿನವೇ ಮುಗಿಸಬೇಕು. ರೂಮಿನಲ್ಲಿ ಫ್ರಿಜ್ ಇರುವುದು ಅಪರೂಪ. ಹಾಗಾದರೆ ಒಂದು ಹೊತ್ತಿಗೆ ಬೇಕಾದಷ್ಟೇ ಅಕ್ಕಿ ಅಳೆದು ಹಾಕಿ. ಮುಂಜಾನೆ ಒಮ್ಮೆಗೇ ಮಾಡಿಟ್ಟು ರಾತ್ರಿಯವರೆಗೆ ಉಣ್ಣುವ ಪದ್ಧತಿ ಬಿಡಿ. ಕಾಲೇಜಿನ ಡಬ್ಬಿಗೆ ಅನ್ನಕ್ಕಿಂತ ರೊಟ್ಟಿ, ಚಪಾತಿ, ಒಣಪಲ್ಯ ಒಳ್ಳೆಯವು.

ಕುಡಿಯುವ ನೀರನ್ನು ಕುದಿಸಿ ಆರಿಸಿಕೊಳ್ಳಿ, ಮುಖ್ಯವಾಗಿ ಮಳೆಗಾಲದಲ್ಲಿ. ವಿಷಮಶೀತಜ್ವರ, ಕಾಮಾಲೆಗಳಿಗೆ ವಿದ್ಯಾರ್ಥಿಗಳು ಒಂದು ಸೆಮಿಸ್ಟರನ್ನೇ ಕಳೆದುಕೊಳ್ಳುತ್ತಾರೆ.

ಒಲೆಯ ಮುಂದೆ

ಹೊಸಬರು ಕುಕ್ಕರಿಗೆ ಹೆದರುತ್ತಾರೆ. ಹೆದರದವರು ಇನ್ನೂ ಅಪಾಯಕಾರಿಗಳು. ಅನ್ನ ಬೇಳೆ ಬೇಯಿಸುವಾಗ ನೀರು ಸೇರಿ ಅರ್ಧ ಕುಕ್ಕರಿಗಿಂತ ಹೆಚ್ಚು ತುಂಬಬಾರದು, ಬೇಳೆ ಉಕ್ಕಿ ಹಬೆ ಹೋಗುವ ತೂತನ್ನು ಮುಚ್ಚೀತು. ಪ್ರತಿಸಲ ಮುಚ್ಚಳವನ್ನು ಬೆಳಕಿಗೆ ಹಿಡಿದು ಆ ತೂತು ಸ್ವಚ್ಛವಾಗಿದೆಯೇ ನೋಡಿ. ಹಬೆ ಪೂರ್ತಿ ಇಳಿಯುವ ಮೊದಲು ಮುಚ್ಚಳವನ್ನು ಬಲವಂತದಿಂದ ತೆಗೆದು ಮುಖ ಸುಟ್ಟುಕೊಂಡವರಿದ್ದಾರೆ. ಹಸಿವಾಗಿದ್ದಾಗ ಹತ್ತು ನಿಮಿಷ ಉದ್ದವಾಗಿ ಕಾಣುತ್ತದೆ, ನಿಜ.

ಒಲೆಯ ಆಯ್ಕೆಯೂ ಮುಖ್ಯ. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಅನಿಲ ತುಂಬಿ ಕೊಡುವ ಅಂಗಡಿಗಳ ಕಡೆ ಹೋಗಬೇಡಿ. ಅಧಿಕೃತ ಏಜೆನ್ಸಿಗಳಲ್ಲಿಯೇ 5 ಕಿಲೋದ ಸಿಲಿಂಡರ್ ದೊರೆಯುತ್ತದೆ. ಅನಿಲದ ವಾಸನೆ ಬಂದರೆ ವಿದ್ಯುತ್ತಿನ ಗುಂಡಿ ಒತ್ತಬಾರದು, ಆರಿಸಲು ಕೂಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನು ಮಾಡಬೇಕು. ವಿದ್ಯುತ್ತಿನ ಇಂಡಕ್ಷನ್ ಒಲೆಗೆ ಸಾಮಾನ್ಯವಾಗಿ 1,500ರಿಂದ 2,000 ವಾಟ್ ಬೇಕು. ಹಳೆಯ ಮನೆಯ ತೆಳುವಾದ ತಂತಿ, ಅದಕ್ಕೆ ಸಿಕ್ಕಿಸಿದ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡು ಅದನ್ನು ತಾಳುವುದಿಲ್ಲ. ರೂಮು ಹಿಡಿಯುವಾಗಲೇ ಮನೆಮಾಲಕರನ್ನು ಕೇಳಿಕೊಳ್ಳಿ. ಮಗನನ್ನು ಬಿಡಲು ಬಂದ ಅಪ್ಪ ಮಂಚ, ಗಾಳಿ, ಬೆಳಕು ನೋಡುವಂತೆ ಅಡುಗೆಯ ಕಟ್ಟೆಯ ಪ್ಲಗ್ಗನ್ನೂ ನೋಡಲಿ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಒಲೆ ಆರಿಸಿ ತಾಟು ಮುಚ್ಚಿ. ಸುಟ್ಟ ಗಾಯದ ಮೇಲೆ ಹಲ್ಲುಜ್ಜುವ ಪೇಸ್ಟು, ಶಾಯಿ, ಎಣ್ಣೆ ಏನನ್ನೂ ಬಳಿಯಬೇಡಿ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು, ಉಂಗುರ ಬಳೆಗಳನ್ನು ಬಾವು ಬರುವ ಮೊದಲೇ ತೆಗೆದು, ಸ್ವಚ್ಛ ಬಟ್ಟೆ ಹೊದಿಸಿ ದವಾಖಾನೆಗೆ ಬನ್ನಿ.

ಇಬ್ಬರು ಮೂವರು ಕೂಡಿ ಇರುವ ರೂಮಿನಲ್ಲಿ ಸರದಿ ಹಚ್ಚಿಕೊಳ್ಳುವುದು ಅನುಕೂಲ. ಒಬ್ಬ ಬೇಯಿಸಿದರೆ ಇನ್ನೊಬ್ಬ ಪಾತ್ರೆ ತೊಳೆಯಬೇಕು. ಕೂಡಿ ಮಾಡುವ ಅಡುಗೆ ನಿಂತುಹೋಗುವುದು ರುಚಿಯ ಜಗಳದಿಂದಲ್ಲ, ತೊಳೆಯದ ಪಾತ್ರೆಗಳಿಂದ ಎಂದು ನನ್ನಲ್ಲಿಗೆ ಬರುವ ಹುಡುಗರೇ ಹೇಳುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಒಲೆ ಹಚ್ಚುವ ಮನಸ್ಸಿಲ್ಲದಿದ್ದರೆ ಖಡಕ್ ರೊಟ್ಟಿ, ಚಟ್ನಿಪುಡಿ, ಮೊಸರು, ಹಸಿ ಸೌತೆಕಾಯಿ, ಒಂದು ಬಾಳೆಹಣ್ಣು. ಒಲೆಯೇ ಇಲ್ಲದ ಒಳ್ಳೆಯ ಊಟ.

ಎರಡು ತಿಂಗಳು ಹೀಗೆ ಉಂಡ ಮೇಲೂ ಸುಸ್ತು, ಏದುಸಿರು, ಕಣ್ಣಿನ ಒಳಪೊರೆ ಬಿಳಚಿಕೊಂಡಿರುವುದು ಕಂಡುಬಂದರೆ, ಮುಟ್ಟಿನ ಸ್ರಾವ ಅತಿಯಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಿ. ಹಿಮೊಗ್ಲೋಬಿನ್ ಬಹಳ ಇಳಿದಿದ್ದರೆ ಸೊಪ್ಪಿನಿಂದಷ್ಟೇ ಅದು ಏರುವುದಿಲ್ಲ, ಕಬ್ಬಿಣದ ಗುಳಿಗೆ ಬೇಕಾಗುತ್ತದೆ. ಗುಳಿಗೆಯನ್ನು ಚಹಾದ ಜೊತೆಗಾಗಲಿ ಹಾಲಿನ ಜೊತೆಗಾಗಲಿ ನುಂಗಬಾರದು. ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಡಿ.

ಕೊನೆಯದಾಗಿ, ರೂಮಿನಲ್ಲಿ ಒಬ್ಬರಿಗೆ ವಾಂತಿಭೇದಿ ಶುರುವಾದ ರಾತ್ರಿಗೆ. ಔಷಧ ಅಂಗಡಿಯ ಓ.ಆರ್.ಎಸ್. ಪೊಟ್ಟಣ ಒಂದೆರಡು ಮೊದಲೇ ತಂದಿಟ್ಟಿರಿ. ಅದು ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಅಪಾಯ. ಗುಟುಕು ಗುಟುಕಾಗಿ ಕುಡಿಸುತ್ತಿರಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಹಸಿವು ಎನಿಸಿದಾಗ ಅದೇ ಹೆಸರುಬೇಳೆ ಕಿಚಡಿಯನ್ನು ಶೇಂಗಾ, ಸೊಪ್ಪು, ಖಾರ ಇಲ್ಲದೆ ತೆಳ್ಳಗೆ ಮಾಡಿ ಉಣಿಸಬಹುದು. ಮೂತ್ರ ಆರು ತಾಸಿಗೂ ಹೆಚ್ಚು ಹೊತ್ತು ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಲಸಿಟ್ಟ ಸಕ್ಕರೆ ಉಪ್ಪಿನ ನೀರು ಉಳಿದರೆ 24 ತಾಸು ಕಳೆದ ಮೇಲೆ ಚೆಲ್ಲಿ, ಹೊಸದಾಗಿ ಮಾಡಿಕೊಳ್ಳಿ.